ಎರಡು ತರಗತಿ, ಒಂದು ಪರದೆ: ಖಂಡಾಂತರ ಚರ್ಚೆಗೆ ಕೋಣೆ ಸಜ್ಜು ಮಾಡುವ ಕ್ರಮ

ಕೆಲಸ ಇಷ್ಟು: 30 ವಿದ್ಯಾರ್ಥಿಗಳ ಒಂದು ತರಗತಿ, ಬೇರೆ ಖಂಡದಲ್ಲಿ ಅಷ್ಟೇ ದೊಡ್ಡ ಇನ್ನೊಂದು ತರಗತಿ, ನಡುವೆ 60 ನಿಮಿಷದ ನೇರ ವಿಡಿಯೊ. ಮಾತಿನ ವಿಷಯ ಜಾಗತೀಕರಣ. ಕೋಣೆ ಸುಮಾರು 8 ಮೀಟರ್ ಉದ್ದ, 6 ಮೀಟರ್ ಅಗಲ; ಗೋಡೆಗಳು ಬರಿದು, ನೆಲ ಗಟ್ಟಿ.

ಇಲ್ಲಿನ ಎಲ್ಲ ತೀರ್ಮಾನಗಳಿಗೂ ಅಳತೆಗೋಲು ಒಂದೇ. ಎರಡು ಕಡೆಗಳಲ್ಲಿ ಯಾವುದು ಸೊರಗಿದೆಯೋ ಅದಕ್ಕೆ ಹೊಂದುವಂತೆ ಕಟ್ಟಬೇಕು. ಒಂದು ಕಡೆ ಫೈಬರ್ ಇದ್ದು ಇನ್ನೊಂದು ಕಡೆ ಮೊಬೈಲ್ ಡೇಟಾ ಮಾತ್ರ ಇದ್ದರೆ, ಮಾತು ಸಾಗುವುದು ಮೊಬೈಲ್ ಡೇಟಾದ ವೇಗದಲ್ಲೇ. ಒಂದು ಕಡೆಯವರಿಗೆ ಚರ್ಚೆಯ ಭಾಷೆ ಮನೆಮಾತು, ಇನ್ನೊಂದು ಕಡೆಯವರಿಗೆ ಶಾಲೆಯಲ್ಲಿ ಕಲಿತದ್ದು ಎಂದಾದರೆ, ಮಾತಿನ ನಿಯಮ ಮಾಡಬೇಕಾದದ್ದು ಕಲಿತವರಿಗಾಗಿ. ಇದನ್ನು ಮರೆತ ಕೋಣೆಯಲ್ಲಿ ಯಂತ್ರಗಳೆಲ್ಲ ಸರಿಯಾಗಿ ನಡೆದರೂ 60 ನಿಮಿಷದಲ್ಲಿ 50 ನಿಮಿಷ ಒಂದೇ ಕಡೆಯವರು ಮಾತಾಡಿರುತ್ತಾರೆ.

ಸಾಮಾನು, ಒಂದು ಕೋಣೆಗೆ: ನೆಟ್ ಕೇಬಲ್ ಸಿಗಿಸಬಹುದಾದ ಲ್ಯಾಪ್‌ಟಾಪ್ (ಜಾಗವಿಲ್ಲದಿದ್ದರೆ ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್), ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್, ಎರಡು ಮೈಕ್ ಸಿಗಿಸಬಹುದಾದ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ಕೊಡುವ ಪೆಟ್ಟಿಗೆ), ಸ್ಟ್ಯಾಂಡ್ ಸಮೇತ ಎರಡು ಡೈನಾಮಿಕ್ ಕಾರ್ಡಿಯಾಯ್ಡ್ ಮೈಕ್ (ಮುಂದಿನ ದನಿ ಹಿಡಿದು ಹಿಂದಿನದನ್ನು ಬಿಡುವ ಬಗೆ), ಅವಕ್ಕೆ ತಲಾ 10 ಮೀಟರಿನ ಎರಡು ಎಕ್ಸ್‌ಎಲ್‌ಆರ್ ಕೇಬಲ್ (ಮೈಕಿನ ತಂತಿ), ಒಳಗೇ ಆಂಪ್ಲಿಫೈಯರ್ ಇರುವ ಒಂದು ಸ್ಪೀಕರ್, ಟ್ರೈಪಾಡ್ ಮೇಲೆ ಕೂರುವ ವೆಬ್‌ಕ್ಯಾಮ್, ಪ್ರೊಜೆಕ್ಟರ್ ಅಥವಾ ಟಿವಿ, ಒಂದು ಇಯರ್‌ಫೋನ್, ಕೇಬಲ್‌ಗಳನ್ನು ನೆಲಕ್ಕೆ ಅಂಟಿಸಲು ಟೇಪ್. ಇಷ್ಟು ಸಾಧ್ಯವಾಗದಿದ್ದರೆ ಮೇಜಿನ ಮೇಲಿಡುವ ಯುಎಸ್‌ಬಿ ಸ್ಪೀಕರ್‌ಫೋನ್ ಒಂದು ಸಾಕು. ಆದರೆ ಅದು ಸುತ್ತ ಕೂತ ಏಳೆಂಟು ಜನರಿಗೆ ಮಾತ್ರ. ಹಿಂದಿನ ಬೆಂಚಿನ ದನಿಯನ್ನು ಅದು ಗುಹೆಯೊಳಗಿನಿಂದ ಬಂದಂತೆ ಕಳಿಸುತ್ತದೆ.

ಲೈನ್

ವೇಗ ಪರೀಕ್ಷೆಯಲ್ಲಿ ಕಣ್ಣಿಗೆ ಮೊದಲು ಬೀಳುವುದು ಡೌನ್‌ಲೋಡ್. ಇಲ್ಲಿ ನೋಡಬೇಕಾದದ್ದು ಅಪ್‌ಲೋಡ್. 720 ಪಿಕ್ಸೆಲ್ ಎತ್ತರದ ಚಿತ್ರಕ್ಕೆ ಒಂದು ದಿಕ್ಕಿಗೆ ಸುಮಾರು 1.5 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), 360 ಪಿಕ್ಸೆಲ್‌ಗೆ ಸುಮಾರು 0.6 ಎಂಬಿಪಿಎಸ್ ಎಂದು ಲೆಕ್ಕ ಹಿಡಿಯಿರಿ. ದನಿಗೆ ಇದರ ಸಣ್ಣ ಪಾಲು ಸಾಕು: ಇಂದಿನ ವಿಡಿಯೊ ಕರೆಗಳಲ್ಲಿ ಬಹುಪಾಲು ಬಳಸುವ, ದನಿಯನ್ನು ಕುಗ್ಗಿಸಿ ಕಟ್ಟುವ ಓಪಸ್ ಕೋಡೆಕ್‌ಗೆ ಸ್ಪಷ್ಟ ಮಾತು ಕಳಿಸಲು 30ರಿಂದ 50 ಕೆಬಿಪಿಎಸ್ ಧಾರಾಳ. ಬೇಕಾದ ವೇಗದ ಮೂರು ಪಟ್ಟು ಅಪ್‌ಲೋಡ್ ಇದ್ದರೆ ನೆಮ್ಮದಿ. ಅಳತೆಯನ್ನು ಚರ್ಚೆ ನಡೆಯಲಿರುವ ವಾರದ ಅದೇ ದಿನ, ಅದೇ ಗಂಟೆಯಲ್ಲಿ ತೆಗೆಯಬೇಕು. ಬೆಳಗಿನ ಖಾಲಿ ಹೊತ್ತಿನಲ್ಲಿ ತೆಗೆದ ಸಂಖ್ಯೆ ಮಧ್ಯಾಹ್ನ ಉಪಯೋಗಕ್ಕೆ ಬಾರದು.

ವೇಗಕ್ಕಿಂತ ಮುಖ್ಯ ಸ್ಥಿರತೆ. ಪಿಂಗ್ ಆಜ್ಞೆ ಕೊಟ್ಟು 200 ಪ್ಯಾಕೆಟ್ (ಮಾಹಿತಿಯ ಸಣ್ಣ ಕಟ್ಟು) ಕಳಿಸಿ, ಪ್ರತಿಯೊಂದೂ ಹೋಗಿ ಬರಲು ಹಿಡಿದ ಸಮಯ ನೋಡಿ. ಸರಾಸರಿ 180 ಮಿಲಿಸೆಕೆಂಡ್ ಇದ್ದು ಪ್ರತಿ ಪ್ಯಾಕೆಟ್ಟೂ 175ರಿಂದ 190ರೊಳಗೆ ಬಂದರೆ ಅದು ಒಳ್ಳೆಯ ಲೈನ್. ಸರಾಸರಿ 60 ಇದ್ದು ನಡುನಡುವೆ 400 ಕಾಣಿಸಿದರೆ ಅದು ಕೆಟ್ಟ ಲೈನ್, ಮಾತು ತುಂಡುತುಂಡಾಗುತ್ತದೆ. ಇಂಥ ಏರಿಳಿತಕ್ಕೆ ಕಾರಣ ಹೆಚ್ಚಾಗಿ ಹೊರಗಿನ ಲೈನ್ ಅಲ್ಲ, ಕೋಣೆಯೊಳಗಿನ ವೈಫೈ. 30 ಜನರ ಜೇಬಿನಲ್ಲಿ 30 ಫೋನ್ ಅದೇ ರೂಟರಿಗೆ ಅಂಟಿಕೊಂಡಿರುತ್ತವೆ. ಸಾಲದ್ದಕ್ಕೆ ನೀರು ತುಂಬಿದ ಮನುಷ್ಯದೇಹ ರೇಡಿಯೊ ಅಲೆಗಳನ್ನು ಹೀರುತ್ತದೆ. ಖಾಲಿ ಕೋಣೆಯಲ್ಲಿ ಚೆನ್ನಾಗಿದ್ದ ಸಿಗ್ನಲ್ ಮಕ್ಕಳು ಬಂದು ಕೂತ ಮೇಲೆ ಕುಸಿಯುವುದು ಇದರಿಂದ. ಆದ್ದರಿಂದ ಕೇಬಲ್ ಎಳೆಯಿರಿ. ಸ್ವಿಚ್‌ನಿಂದ ಲ್ಯಾಪ್‌ಟಾಪಿನವರೆಗೆ ಒಟ್ಟು ಉದ್ದ 100 ಮೀಟರ್ ಮೀರಬಾರದು. ಕೇಬಲ್ ಹಾಕಿದ ಮೇಲೆ ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಬೇಕು. ಎರಡೂ ಇದ್ದಾಗ ಯಾವ ದಾರಿ ಹಿಡಿಯಬೇಕೆಂದು ಯಂತ್ರ ತಾನೇ ನಿರ್ಧರಿಸಿಬಿಡುತ್ತದೆ.

ಮನೆಯಲ್ಲಿ ಸರಾಗವಾಗಿ ನಡೆದ ಕರೆ ಶಾಲೆಯಲ್ಲಿ ತಡವರಿಸಿದರೆ ಅನುಮಾನ ಹೋಗಬೇಕಾದದ್ದು ಫೈರ್‌ವಾಲ್ ಕಡೆಗೆ, ಅಂದರೆ ಯಾವ ಮಾಹಿತಿ ಒಳಹೊರಗೆ ಹೋಗಬೇಕೆಂದು ನಿರ್ಧರಿಸುವ ಕಾವಲಿನ ಕಡೆಗೆ. ವಿಡಿಯೊ ಕರೆಗಳು ಯುಡಿಪಿ ಮೂಲಕ, ಅಂದರೆ ಕಳೆದುಹೋದ ಪ್ಯಾಕೆಟ್ಟಿಗೆ ಕಾಯದ ವಿಧಾನದಲ್ಲಿ, ಸಾಗಲು ಬಯಸುತ್ತವೆ. ಶಾಲೆಯ ನೆಟ್‌ವರ್ಕ್ ಅದನ್ನು ತಡೆದರೆ ಕರೆ ಕಡಿಯುವುದಿಲ್ಲ, ಸದ್ದಿಲ್ಲದೆ ಟಿಸಿಪಿ ಎಂಬ ಇನ್ನೊಂದು ವಿಧಾನದ 443ನೇ ಪೋರ್ಟಿಗೆ (ಬಾಗಿಲಿನ ಸಂಖ್ಯೆ) ಹೊರಳುತ್ತದೆ. ಟಿಸಿಪಿಯಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಅದು ಮತ್ತೆ ಬರುವವರೆಗೆ ಹಿಂದಿನವೆಲ್ಲ ಸಾಲಿನಲ್ಲಿ ನಿಲ್ಲಬೇಕು. ಪರಿಣಾಮ: ಚಿತ್ರ ನಿಲ್ಲುತ್ತದೆ, ಆಮೇಲೆ ಓಡೋಡಿ ಬರುತ್ತದೆ. ನೆಟ್‌ವರ್ಕ್ ನೋಡಿಕೊಳ್ಳುವವರಿಗೆ "ವಿಡಿಯೊ ಬರ್ತಿಲ್ಲ" ಎಂದರೆ ಸಾಲದು, ಪೋರ್ಟ್ ಸಂಖ್ಯೆಯನ್ನೇ ಬರೆದು ಕೊಡಿ. ಜಿಟ್ಸಿಗೆ ಯುಡಿಪಿ 10000, ಗೂಗಲ್ ಮೀಟ್‌ಗೆ ಯುಡಿಪಿ 3478, ಜೂಮ್‌ಗೆ ಯುಡಿಪಿ 8801ರಿಂದ 8810. ಇಷ್ಟು ಬರೆದುಕೊಟ್ಟರೆ ಅವರ ಕೆಲಸ ಬೇಗ ಮುಗಿಯುತ್ತದೆ.

ಸರಿಪಡಿಸಲಾಗದ ಸಂಗತಿಯೂ ಒಂದಿದೆ. ಗಾಜಿನ ಎಳೆಯಲ್ಲಿ ಬೆಳಕಿನ ಓಟ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. 10,000 ಕಿಲೋಮೀಟರ್ ದೂರಕ್ಕೆ ಒಂದು ದಿಕ್ಕಿಗೆ 50 ಮಿಲಿಸೆಕೆಂಡ್ ತಗಲೇ ತಗಲುತ್ತದೆ. ಸಮುದ್ರದ ಕೇಬಲ್ ನೇರ ಗೆರೆ ಎಳೆದಂತೆ ಹೋಗುವುದಿಲ್ಲ, ನಡುವೆ ರೂಟರ್‌ಗಳಿವೆ, ಎರಡು ತುದಿಯಲ್ಲೂ ದನಿಯನ್ನು ಕಟ್ಟಿ ಬಿಚ್ಚುವ ಕೆಲಸವಿದೆ. ಎಲ್ಲ ಸೇರಿ 200ರಿಂದ 300 ಮಿಲಿಸೆಕೆಂಡ್ ಆಗುವುದು ಸಹಜ. ಭೂಸ್ಥಿರ ಉಪಗ್ರಹದ ಮೂಲಕ ಬರುವ ಲೈನ್ ಆದರೆ, 35,786 ಕಿಲೋಮೀಟರ್ ಎತ್ತರಕ್ಕೆ ಹೋಗಿ ಇಳಿಯುವುದಕ್ಕೇ ಕಾಲು ಸೆಕೆಂಡ್. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಸಂಭಾಷಣೆಗೆ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡಿನೊಳಗಿರಲಿ ಎನ್ನುತ್ತದೆ. ಖಂಡಾಂತರ ತರಗತಿಗೆ ಆ ಭಾಗ್ಯ ಅಪರೂಪ. ಹಾಗಾಗಿ ತಡವನ್ನು ಒಪ್ಪಿಕೊಂಡು ಮಾತಿನ ರೀತಿಯನ್ನೇ ಅದಕ್ಕೆ ಒಗ್ಗಿಸಬೇಕಾಗುತ್ತದೆ. ಅದು ಮುಂದೆ ಬರುತ್ತದೆ.

ದನಿ

ಇಡೀ ಕೆಲಸದ ಅರ್ಧದಷ್ಟು ಸಮಯ ಇದಕ್ಕೇ ಮೀಸಲಿಡಿ. ಚಿತ್ರ ಹೋದರೂ ಚರ್ಚೆ ನಡೆಯುತ್ತದೆ. ದನಿ ಹೋದರೆ 60 ಮಕ್ಕಳು ಸುಮ್ಮನೆ ಪರದೆ ನೋಡುತ್ತ ಕೂರುತ್ತಾರೆ.

ದುರಸ್ತಿಯ ಮೊದಲ ಪಾಠ ಪ್ರತಿಧ್ವನಿಯದು, ಇಲ್ಲೇ ಹೆಚ್ಚಿನವರು ದಾರಿ ತಪ್ಪುವುದು. ಆಚೆಯವರ ಮಾತು ಈಚೆಯ ಸ್ಪೀಕರಿನಿಂದ ಹೊರಬಂದು, ಈಚೆಯ ಮೈಕಿಗೆ ಬಿದ್ದು, ಆಚೆಗೇ ವಾಪಸ್ ಹೋಗುತ್ತದೆ. ಅಂದರೆ ನಿಮಗೆ ನಿಮ್ಮದೇ ದನಿ ಅರ್ಧ ಸೆಕೆಂಡ್ ತಡವಾಗಿ ಮತ್ತೆ ಕೇಳಿಸುತ್ತಿದ್ದರೆ ದೋಷ ಇರುವುದು ಆಚೆ ಕೋಣೆಯಲ್ಲಿ. ಇಲ್ಲಿ ಎಷ್ಟು ಗುಂಡಿ ತಿರುವಿದರೂ ಹೋಗದು. ಅವರಿಗೆ ಅವರ ದನಿ ಮರಳಿ ಕೇಳಿಸುತ್ತಿದೆ ಎಂದರೆ ದೋಷ ಇಲ್ಲಿಯದು. ಈ ಎರಡು ಸಾಲನ್ನು ಕಾಗದದಲ್ಲಿ ಬರೆದು ಎರಡೂ ಕೋಣೆಗಳ ಲ್ಯಾಪ್‌ಟಾಪ್ ಪಕ್ಕ ಅಂಟಿಸಿ. ಪ್ರತಿಧ್ವನಿ ಬಂದೊಡನೆ ಇಬ್ಬರೂ ತಮ್ಮ ತಮ್ಮ ಕಡೆ ಒಟ್ಟಿಗೆ ತಡಕಾಡುವುದು ತಪ್ಪುತ್ತದೆ.

ಪ್ರತಿಧ್ವನಿ ಅಳಿಸುವ ವ್ಯವಸ್ಥೆ ಸಾಫ್ಟ್‌ವೇರಿನಲ್ಲೇ ಇರುತ್ತದೆ. ಸ್ಪೀಕರಿಗೆ ಏನು ಕಳಿಸಿದೆ ಎಂದು ಅದಕ್ಕೆ ಗೊತ್ತು, ಮೈಕಿನಲ್ಲಿ ಅದೇ ಆಕಾರ ಕಂಡರೆ ಕಳೆಯುತ್ತದೆ. ಅದು ಸೋಲುವುದು ಮೂರು ಸಂದರ್ಭಗಳಲ್ಲಿ. ಒಂದು, ದನಿ ಎಚ್‌ಡಿಎಂಐ ಮೂಲಕ ಟಿವಿಗೆ ಹೋಗಿ ಟಿವಿಯ ಸ್ಪೀಕರಿನಿಂದ ಹೊರಬಂದಾಗ: ಟಿವಿ ತನ್ನ ಸಂಸ್ಕರಣೆಗೆಂದು ಹೆಚ್ಚಿನ ತಡ ಸೇರಿಸುತ್ತದೆ, ಆಕಾರ ಹೊಂದುವುದಿಲ್ಲ. ಟಿವಿಯ ದನಿಯನ್ನು ಸೊನ್ನೆ ಮಾಡಿ, ಇಂಟರ್‌ಫೇಸಿನಿಂದ ನೇರ ಸ್ಪೀಕರಿಗೆ ತಂತಿ ಕೊಡಿ. ಎರಡು, ಒಂದೇ ಕೋಣೆಯಲ್ಲಿ ಇನ್ನೊಂದು ಸಾಧನವೂ ಕರೆಗೆ ಸೇರಿದ್ದು ಅದರ ಮೈಕ್ ತೆರೆದಿದ್ದಾಗ: ಕ್ಷಣದಲ್ಲಿ ಕಿವಿ ಒಡೆಯುವಂತೆ ಕೂಗು ಏಳುತ್ತದೆ. ಚಾಟ್ ನೋಡಲೆಂದು ಶಿಕ್ಷಕರು ಫೋನಿನಿಂದ ಸೇರುವುದಾದರೆ ಆಡಿಯೊ ಜೋಡಿಸದೆಯೇ ಸೇರಬೇಕು. ಬರೀ ಮ್ಯೂಟ್ ಮಾಡಿದರೆ ಫೋನಿನ ಸ್ಪೀಕರ್ ಇನ್ನೂ ಮಾತಾಡುತ್ತಿರುತ್ತದೆ. ಮೂರು, ಸ್ಪೀಕರ್‌ಫೋನ್ ತಾನೂ ಪ್ರತಿಧ್ವನಿ ಅಳಿಸಿ ಸಾಫ್ಟ್‌ವೇರೂ ಅಳಿಸಲು ಹೋದಾಗ: ಪದಗಳ ತಲೆಬಾಲ ಕತ್ತರಿಸಿ ಹೋಗುತ್ತವೆ. ಎರಡರಲ್ಲಿ ಒಂದನ್ನು ಆಫ್ ಮಾಡಿ.

ಇನ್ನು ಮೈಕಿನ ದೂರ. ಬಾಯಿಂದ ಮೈಕಿಗಿರುವ ದೂರ ಎರಡು ಪಟ್ಟಾದಾಗಲೆಲ್ಲ ನೇರ ದನಿ 6 ಡೆಸಿಬೆಲ್ ಇಳಿಯುತ್ತದೆ. 30 ಸೆಂಟಿಮೀಟರಿನಿಂದ 3 ಮೀಟರಿಗೆ ಹೋದರೆ 20 ಡೆಸಿಬೆಲ್. ಕೋಣೆಯ ಗದ್ದಲ ಮಾತ್ರ ಇಳಿಯುವುದಿಲ್ಲ. ಲ್ಯಾಪ್‌ಟಾಪಿನ ಮೈಕಿಗೆ ಇಡೀ ತರಗತಿ ಕೇಳಿಸಲಿ ಎಂದು ಗೇನ್ (ಮೈಕಿನ ದನಿ ಹಿಗ್ಗಿಸುವ ಮಟ್ಟ) ಏರಿಸಿದವರು ಆಚೆಗೆ ಕಳಿಸುವುದು ಫ್ಯಾನಿನ ಸದ್ದು ಮತ್ತು ಬೆಂಚು ಎಳೆದ ಸದ್ದು. ಆದ್ದರಿಂದ ಮೈಕನ್ನು ಮಕ್ಕಳ ಬಳಿ ಒಯ್ಯುವ ಬದಲು ಮಕ್ಕಳು ಮೈಕಿನ ಬಳಿ ಬರಲಿ. ತರಗತಿಯ ಮುಂದೆ ನೆಲದಲ್ಲಿ ಟೇಪಿನಿಂದ ಒಂದು ಚೌಕ ಗುರುತು ಮಾಡಿ, ಎರಡು ಸ್ಟ್ಯಾಂಡ್ ನಿಲ್ಲಿಸಿ. ಮಾತಾಡುವ ಇಬ್ಬರು ಅಲ್ಲಿ ಪರದೆಗೆ ಮುಖ ಮಾಡಿ ನಿಲ್ಲುತ್ತಾರೆ, ಬಾಯಿಗೂ ಮೈಕಿಗೂ ಒಂದು ಗೇಣು. ಸರದಿಯ ಮುಂದಿನ ಇಬ್ಬರು ಪಕ್ಕದಲ್ಲಿ ಕುರ್ಚಿಯಲ್ಲಿ ಕಾಯುತ್ತಿರುತ್ತಾರೆ.

ಈ ಜೋಡಣೆಯಲ್ಲಿ ಇನ್ನೊಂದು ಲಾಭವೂ ಇದೆ. ಕಾರ್ಡಿಯಾಯ್ಡ್ ಮೈಕ್ ತನ್ನ ನೇರ ಹಿಂಬದಿಗೆ ಕಿವುಡು. ಪರದೆಯ ಕೆಳಗೆ ತರಗತಿಯತ್ತ ಮುಖ ಮಾಡಿ ಸ್ಪೀಕರ್ ಇಟ್ಟರೆ ಅದು ಮೈಕಿನ ಬೆನ್ನಿಗೆ ಬೀಳುತ್ತದೆ. ಪ್ರತಿಧ್ವನಿಯ ಬಹುಪಾಲು ಅಲ್ಲೇ ಸಾಯುತ್ತದೆ. ಕೈಯಲ್ಲಿರುವುದು ಸೂಪರ್‌ಕಾರ್ಡಿಯಾಯ್ಡ್ ಆದರೆ ಅದರ ಕಿವುಡು ಭಾಗ ನೇರ ಹಿಂದಲ್ಲ, ಸುಮಾರು 125 ಡಿಗ್ರಿಯಲ್ಲಿ, ಅಂದರೆ ಹಿಂಬದಿಯ ಎರಡು ಮೂಲೆಗಳಲ್ಲಿ. ಆಗ ಸ್ಪೀಕರನ್ನು ಪಕ್ಕಕ್ಕೆ ಸರಿಸಿ. ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚಿ ಹಿಡಿದರೆ ಈ ದಿಕ್ಕಿನ ಗುಣವೇ ಹೋಗಿ ಕೂಗು ಶುರುವಾಗುತ್ತದೆ. ಮಕ್ಕಳಿಗೆ ಇದನ್ನು ಒಮ್ಮೆ ಕೇಳಿಸಿ ತೋರಿಸಿದರೆ ಮತ್ತೆ ಯಾರೂ ಹಾಗೆ ಹಿಡಿಯುವುದಿಲ್ಲ.

ಗೇನ್ ಹೊಂದಿಸುವಾಗ ಜೋರಾಗಿ ಮಾತಾಡುವವರನ್ನು ನಿಲ್ಲಿಸಿ, ಸೂಚಕ ಮೈನಸ್ 12 ಡೆಸಿಬೆಲ್ ಸುತ್ತ ಮುಟ್ಟಿ ಇಳಿಯುವಂತೆ ಮಾಡಿ. ಆಮೇಲೆ ಸಾಫ್ಟ್‌ವೇರಿನ ತಾನಾಗಿ ದನಿ ಹೊಂದಿಸುವ ಆಯ್ಕೆಯನ್ನು ಆಫ್ ಮಾಡಿ. ಅದು ಇದ್ದರೆ ಯಾರೂ ಮಾತಾಡದ ಹೊತ್ತಿನಲ್ಲಿ ಗೇನ್ ತಾನೇ ಏರುತ್ತದೆ, ಮುಂದಿನ ಮಗುವಿನ ಮೊದಲ ಪದ ಒಡೆದು ಕೇಳಿಸುತ್ತದೆ. ಒಂದು ಹೊತ್ತಿಗೆ ಒಂದೇ ಮೈಕ್ ತೆರೆದಿರುವುದು ಒಳ್ಳೆಯದು. ತೆರೆದ ಮೈಕ್ ಒಂದರಿಂದ ಎರಡಾದರೆ ಕೂಗು ಏಳುವ ಮುಂಚೆ ದನಿ ಏರಿಸಲು ಸಿಗುವ ಅವಕಾಶ 3 ಡೆಸಿಬೆಲ್ ಕಮ್ಮಿಯಾಗುತ್ತದೆ.

ಕೇಬಲ್ ವಿಷಯದಲ್ಲಿ ಒಂದು ಮಾತು. ಯುಎಸ್‌ಬಿ 2.0 ಕೇಬಲ್ 5 ಮೀಟರ್ ದಾಟಿದರೆ ಸಾಧನ ಬಂದು ಹೋಗಿ ಮಾಡುತ್ತದೆ. ಉದ್ದ ಬೇಕಾದರೆ ಎಕ್ಸ್‌ಎಲ್‌ಆರ್ ಕೇಬಲನ್ನು ಉದ್ದ ಮಾಡಿ. 30 ಮೀಟರ್ ಆದರೂ ತೊಂದರೆಯಿಲ್ಲ. ಇಂಟರ್‌ಫೇಸ್ ಮಾತ್ರ ಲ್ಯಾಪ್‌ಟಾಪ್ ಪಕ್ಕದಲ್ಲೇ ಇರಲಿ. ಸ್ಪೀಕರಿನಲ್ಲಿ ಗುಂಯ್ ಎಂಬ ಹಮ್ ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಅರ್ಥಿಂಗ್ ಸುತ್ತು, ಅಂದರೆ ಸಾಧನಗಳ ಅರ್ಥ್ ತಂತಿಗಳ ನಡುವೆ ವಿದ್ಯುತ್ ಸುತ್ತುತ್ತಿದೆ. ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಸ್ಪೀಕರ್ ಮೂರನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ತನ್ನಿ; ಆಗಲೂ ಹೋಗದಿದ್ದರೆ ಆಡಿಯೊ ತಂತಿಯ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಪ್ಲಗ್ಗಿನ ಅರ್ಥ್ ಪಿನ್ ಮುರಿಯುವುದು ಮಾತ್ರ ಯಾವ ಕಾರಣಕ್ಕೂ ಬೇಡ, ಅದು ಜೀವಕ್ಕೆ ಅಪಾಯ.

ಕೊನೆಯ ಪರೀಕ್ಷೆ: ಎರಡೂ ಕೋಣೆಗಳಲ್ಲಿ ಒಬ್ಬೊಬ್ಬರು ಏಕಕಾಲಕ್ಕೆ ಒಂದರಿಂದ ಇಪ್ಪತ್ತರವರೆಗೆ ಎಣಿಸಬೇಕು. ಇಬ್ಬರ ಎಲ್ಲ ಸಂಖ್ಯೆಗಳೂ ಎರಡೂ ಕಡೆ ಕೇಳಿಸಿದರೆ ಗೆದ್ದಂತೆ. ಒಬ್ಬರ ಎಣಿಕೆ ನಡುವೆ ಮಾಯವಾದರೆ ಪ್ರತಿಧ್ವನಿ ಅಳಿಸುವ ವ್ಯವಸ್ಥೆ ಅತಿಯಾಗಿ ಕತ್ತರಿಸುತ್ತಿದೆ. ಆ ಕೋಣೆಯ ಸ್ಪೀಕರ್ ದನಿ ತಗ್ಗಿಸಿ. ಗೋಡೆ ಬರಿದಿದ್ದರೆ ಮೈಕಿನ ಎದುರಿನ ಗೋಡೆಗೆ, ಅಂದರೆ ಮಾತಾಡುವವರ ಬೆನ್ನ ಹಿಂದೆ, ದಪ್ಪ ಬಟ್ಟೆ ಇಳಿಬಿಡಿ.

ಕ್ಯಾಮೆರಾ, ಬೆಳಕು, ಗಡಿಯಾರ

ಕ್ಯಾಮೆರಾ ಪರದೆಯ ಅಂಚಿಗೆ, ನಿಂತವರ ಕಣ್ಣಿನ ಎತ್ತರಕ್ಕೆ. ಪರದೆಯ ಪಕ್ಕಕ್ಕೆ ದೂರ ಇಟ್ಟರೆ ಮಾತಾಡುವವರು ಎಲ್ಲೋ ನೋಡುತ್ತಿರುವಂತೆ ಆಚೆಯವರಿಗೆ ಕಾಣುತ್ತದೆ. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪು ನೆರಳಾಗುತ್ತದೆ, ತರಗತಿಯನ್ನೇ ತಿರುಗಿಸಿ. ಚಿತ್ರದ ಮೇಲೆ ಪಟ್ಟೆಗಳು ಹರಿದಾಡಿದರೆ ಕ್ಯಾಮೆರಾ 60 ಹರ್ಟ್ಸ್‌ಗೆ ಹೊಂದಿಕೊಂಡಿದೆ, ದೀಪಗಳಿಗೆ ಬರುವ ವಿದ್ಯುತ್ 50 ಹರ್ಟ್ಸ್‌ದು, ಅಥವಾ ಅದರ ತಿರುವುಮುರುವು. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಬದಲಿಸಿದರೆ ಅಲ್ಲಿಗೆ ಮುಗಿಯಿತು. ಚಿತ್ರದ ಬಗ್ಗೆ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಗಡಿಯಾರದ ಬಗ್ಗೆ ಕೆಡಿಸಿಕೊಳ್ಳಬೇಕು. ಸಮಯವನ್ನು ಯಾವಾಗಲೂ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಬರೆದು, ಪಕ್ಕದಲ್ಲಿ ಎರಡೂ ಊರಿನ ಸಮಯವನ್ನೂ ದಿನಾಂಕವನ್ನೂ ಬರೆಯಿರಿ. ಅಮೆರಿಕದ ಬಹುಭಾಗದಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುವುದು ಮಾರ್ಚ್‌ನ ಎರಡನೇ ಭಾನುವಾರ. ಐರೋಪ್ಯ ಒಕ್ಕೂಟದಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಇವೆರಡರ ಅಂತರ ಎಂದಿನಂತಿರುವುದಿಲ್ಲ. ವಾಪಸಾಗುವಾಗ ಒಕ್ಕೂಟದಲ್ಲಿ ಅಕ್ಟೋಬರ್ ಕೊನೆಯ ಭಾನುವಾರ, ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ. ಮತ್ತೆ ಒಂದು ವಾರದ ಗೊಂದಲ. ಗಡಿಯಾರವನ್ನೇ ಮುಟ್ಟದ ದೇಶದ ಶಾಲೆಗೆ ಈ ವಾರಗಳಲ್ಲಿ ಅತಿಥಿಗಳು ಒಂದು ಗಂಟೆ ಮುಂಚೆಯೋ ತಡವಾಗಿಯೋ ಬಂದಂತಾಗುತ್ತದೆ. ವಾರದ ರಜೆ ಕೆಲವೆಡೆ ಶುಕ್ರವಾರ–ಶನಿವಾರ ಎಂಬುದನ್ನೂ ನೆನಪಿಡಿ. ಎರಡು ಕಡೆಯ ಶಾಲಾ ವೇಳೆ ಹೊಂದದೇ ಹೋದರೆ ಒಂದು ಸಲ ಇವರು ಬೇಗ ಬರಲಿ, ಇನ್ನೊಂದು ಸಲ ಅವರು ಸಂಜೆ ಉಳಿಯಲಿ. ಪ್ರತಿ ಸಲ ಒಂದೇ ಕಡೆಯವರ ನಿದ್ದೆ ಕೆಡಿಸುವುದು ಅನ್ಯಾಯ. ಮಾತಿನಲ್ಲೂ ಅದರ ಕಹಿ ತೋರುತ್ತದೆ.

ಮಾತಿಗೆ ಸಾಮಗ್ರಿ

"ಜಾಗತೀಕರಣದ ಬಗ್ಗೆ ನಿಮ್ಮ ಅಭಿಪ್ರಾಯವೇನು?" ಎಂದು ಕೇಳಿದರೆ ಎರಡೂ ಕೋಣೆ ಮೌನ. ಯಾರಾದರೂ ಬಾಯಿ ಬಿಟ್ಟರೂ ಪಠ್ಯಪುಸ್ತಕದ ಸಾಲೇ ಬರುತ್ತದೆ. ಪರಸ್ಪರ ಹಬ್ಬ, ಹಾಡು, ಉಡುಗೆ ತೋರಿಸುವ ಕಾರ್ಯಕ್ರಮವೂ ಈ ಕೆಲಸಕ್ಕೆ ಒದಗುವುದಿಲ್ಲ. ಅದರಲ್ಲಿ ಪ್ರತಿ ಮಗುವೂ ತನ್ನ ದೇಶದ ರಾಯಭಾರಿಯಾಗಿ ಮಾತಾಡುತ್ತದೆ, ತಾನಾಗಿ ಅಲ್ಲ. ಕೈಯಲ್ಲಿ ಹಿಡಿಯುವ ವಸ್ತು ಬೇಕು.

ಎರಡು ವಾರ ಮುಂಚೆ ಎರಡೂ ಕಡೆಯ ಪ್ರತಿ ವಿದ್ಯಾರ್ಥಿ ತನ್ನ ಮನೆಯ ಐದು ವಸ್ತುಗಳ ಚೀಟಿ (ಲೇಬಲ್) ಓದಿ ಒಂದೇ ಹಂಚಿಕೆಯ ಪಟ್ಟಿಗೆ ತುಂಬಲಿ: ವಸ್ತು, ತಯಾರಾದ ದೇಶ, ಯಾವುದರಿಂದ ಮಾಡಿದ್ದು, ಯಾವ ವರ್ಷ ಮನೆಗೆ ಬಂತು. ಬೆಲೆಯ ಅಂಕಣ ಹಾಕಬೇಡಿ. ಹಾಕಿದರೆ ಯಾರ ಮನೆಯಲ್ಲಿ ಎಷ್ಟಿದೆ ಎಂಬ ಹೋಲಿಕೆ ಶುರುವಾಗುತ್ತದೆ. 60 ಮಕ್ಕಳಿಂದ 300 ಸಾಲುಗಳಾಗುತ್ತವೆ. ದೇಶದ ಹೆಸರಿನಂತೆ ಜೋಡಿಸಿ ನೋಡಿದರೆ ಎರಡೂ ಊರಿನ ಪಟ್ಟಿಯಲ್ಲಿ ಬರುವ ದೇಶಗಳು ಎದ್ದು ಕಾಣುತ್ತವೆ. ಚರ್ಚೆ ಅಲ್ಲಿಂದ ಹೊರಡಲಿ.

ಚೀಟಿ ಓದುವುದರಲ್ಲಿ ಆಗುವ ತಪ್ಪು ಒಂದಿದೆ, ಮೊದಲೇ ತಿದ್ದಬೇಕು. ಬಾರ್‌ಕೋಡಿನ ಮೊದಲ ಮೂರು ಅಂಕಿ ತಯಾರಾದ ದೇಶವನ್ನು ಹೇಳುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಅದು ಹೇಳುವುದು ಆ ಸಂಖ್ಯೆಯನ್ನು ಕಂಪನಿಗೆ ಕೊಟ್ಟದ್ದು ಯಾವ ದೇಶದ ಜಿಎಸ್1 (ಬಾರ್‌ಕೋಡ್ ಸಂಖ್ಯೆ ಹಂಚುವ) ಸಂಸ್ಥೆ ಎಂಬುದನ್ನು ಮಾತ್ರ. 500ರಿಂದ 509 ಇದ್ದರೆ ಬ್ರಿಟನ್‌ನಲ್ಲಿ ನೋಂದಣಿ. ವಸ್ತು ತಯಾರಾದದ್ದು ಬೇರೆಲ್ಲೋ ಇರಬಹುದು. ಚೀಟಿಯಲ್ಲಿ ಅಚ್ಚಾದ ತಯಾರಿಕೆಯ ದೇಶವೂ ಪೂರ್ತಿ ಕಥೆ ಹೇಳುವುದಿಲ್ಲ. ಒಂದು ಟೀಶರ್ಟ್ ತೆಗೆದುಕೊಳ್ಳಿ. ಹತ್ತಿ ಒಂದು ದೇಶದ್ದು, ನೂಲು ಇನ್ನೊಂದರದ್ದು, ಬಣ್ಣ ಮತ್ತೊಂದರದ್ದು ಆಗಿದ್ದರೂ, ಸಾಮಾನ್ಯವಾಗಿ ಚೀಟಿಗೆ ಬರುವುದು ಕೊನೆಯ ಮುಖ್ಯ ಮಾರ್ಪಾಟು ನಡೆದ ಒಂದೇ ದೇಶ. ಕುತ್ತಿಗೆಯ ಹಿಂದಿನ ಆ ಬೆರಳಗಲದ ಚೀಟಿಯನ್ನು ಕ್ಯಾಮೆರಾಕ್ಕೆ ಹತ್ತಿರ ಹಿಡಿದು, "ಇದರಲ್ಲಿ ಬರೆಯದೆ ಬಿಟ್ಟದ್ದು ಏನು?" ಎಂದು ಆಚೆಯವರನ್ನು ಕೇಳಿ. ಮಾತು ನಿಲ್ಲಿಸುವುದೇ ಕಷ್ಟವಾಗುತ್ತದೆ.

ಮುಂದೆ ಹೋಗಲು ಗಟ್ಟಿ ಸಂಗತಿಗಳು ಕೈಲಿರಲಿ. ಸುಂಕದ ಲೆಕ್ಕಕ್ಕೆ ಸರಕುಗಳನ್ನು ವಿಂಗಡಿಸಲು ಬಳಸುವ ಎಚ್‌ಎಸ್ ಸಂಕೇತದ ಮೊದಲ ಆರು ಅಂಕಿ ಆ ಪದ್ಧತಿಯಲ್ಲಿರುವ ಎಲ್ಲ ದೇಶಗಳಲ್ಲೂ ಒಂದೇ. ಹೆಣೆದ ಟೀಶರ್ಟ್ 6109ರಲ್ಲಿ ಬರುತ್ತದೆ. ಎರಡೂ ಕಡೆಯವರು ತಮ್ಮ ದೇಶದ ಸುಂಕಪಟ್ಟಿಯಲ್ಲಿ ಆ ಒಂದೇ ಸಂಖ್ಯೆ ಹುಡುಕಿ ಸುಂಕವನ್ನು ಹೋಲಿಸಬಹುದು. ಹಡಗಿನ ಕಂಟೇನರ್ ಕಥೆ 1956ರ ಏಪ್ರಿಲ್ 26ರಂದು ಐಡಿಯಲ್ ಎಕ್ಸ್ ಎಂಬ ಹಡಗು 58 ಪೆಟ್ಟಿಗೆ ಹೊತ್ತು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟದ್ದರಿಂದ ಶುರು. 2021ರ ಮಾರ್ಚ್ 23ರಿಂದ 29ರವರೆಗೆ ಸೂಯೆಜ್ ಕಾಲುವೆಯಲ್ಲಿ ಎವರ್ ಗಿವನ್ ಸಿಕ್ಕಿಕೊಂಡಾಗ ಒಂದೇ ಹಡಗು ಎರಡು ಖಂಡಗಳ ಸರಕು ತಡೆಯಿತು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಸಾವಾರ್‌ನಲ್ಲಿ ಬಟ್ಟೆ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತರು; ಅವಶೇಷದಲ್ಲಿ ಸಿಕ್ಕ ಬಟ್ಟೆಚೀಟಿಗಳಿಂದಲೂ ಅಲ್ಲಿ ಯಾವ ಬ್ರ್ಯಾಂಡಿಗೆ ಹೊಲಿಯುತ್ತಿದ್ದರು ಎಂದು ಹುಡುಕಿದರು. ಮಕ್ಕಳ ಕೈಯಲ್ಲಿರುವ ಚೀಟಿಯೂ ಅದೇ ಜಾತಿಯದು. ಇದನ್ನು ಹೇಳುವಾಗ ಒಂದು ಕಡೆಯವರು ತಪ್ಪಿತಸ್ಥರಾಗಿ, ಇನ್ನೊಂದು ಕಡೆಯವರು ನೊಂದವರಾಗಿ ಕೂರುವಂತೆ ಆಗಬಾರದು. ಪ್ರಶ್ನೆಯನ್ನು ಇಬ್ಬರಿಗೂ ಒಂದೇ ರೀತಿ ಕೇಳಿ: ನಿಮ್ಮ ಊರಿನಲ್ಲಿ ತಯಾರಾಗಿ ದೂರ ಹೋಗುವ ವಸ್ತು ಯಾವುದು, ಅದನ್ನು ಮಾಡುವವರು ಯಾರು?

ಕರೆಯನ್ನೇ ಪಾಠ ಮಾಡುವ ದಾರಿಯೂ ಇದೆ. ವಿಂಡೋಸ್‌ನಲ್ಲಿ ಟ್ರೇಸರ್ಟ್, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಟ್ರೇಸ್‌ರೂಟ್ ಆಜ್ಞೆ ಕೊಟ್ಟು ಆಚೆ ಶಾಲೆಯ ವೆಬ್‌ಸೈಟಿನ ದಾರಿ ನೋಡಿ. ಒಂದು ಸಾಲಿನಲ್ಲಿ 20 ಮಿಲಿಸೆಕೆಂಡ್, ಮುಂದಿನದರಲ್ಲಿ 130 ಎಂದು ಜಿಗಿದು, ಅಲ್ಲಿಂದ ಮುಂದಿನ ಸಾಲುಗಳೂ ಇಳಿಯದಿದ್ದರೆ ನಡುವೆ ಸಮುದ್ರ ದಾಟಿರುವ ಸಂಭವ ಹೆಚ್ಚು. ನಕ್ಷತ್ರ ಚಿಹ್ನೆ ಬಂದರೆ ಆ ರೂಟರ್ ಉತ್ತರ ಕೊಡಲಿಲ್ಲ ಎಂದಷ್ಟೇ ಅರ್ಥ. ಕೆಲವೊಮ್ಮೆ ಸಮುದ್ರದಾಚೆಯ ಶಾಲೆಯ ವೆಬ್‌ಸೈಟು 5 ಮಿಲಿಸೆಕೆಂಡಿನಲ್ಲೇ ಸಿಕ್ಕಿಬಿಡುತ್ತದೆ. ಅದು ಅಲ್ಲಿಲ್ಲ; ಅದರ ಪ್ರತಿ ಇಲ್ಲೇ ಹತ್ತಿರದ ಸರ್ವರಿನಲ್ಲಿದೆ. "ಹಾಗಾದರೆ ಆ ಸರ್ವರ್ ಯಾರದ್ದು?" ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಗೆ ಹತ್ತು ನಿಮಿಷ ಕೊಡಿ.

ಸರದಿಯ ನಿಯಮ

ತಡ ಇರುವ ಲೈನಿನಲ್ಲಿ ಹೀಗಾಗುತ್ತದೆ. ಇಲ್ಲಿ ಒಬ್ಬಳು ಮಾತು ಮುಗಿಸುತ್ತಾಳೆ. ಆಚೆಗೆ ಅದು ತಲುಪಿ, ಅಲ್ಲೊಬ್ಬ ಬಾಯಿ ತೆರೆದು, ಅವನ ದನಿ ಇಲ್ಲಿಗೆ ಬರುವಷ್ಟರಲ್ಲಿ ಅರ್ಧ ಸೆಕೆಂಡಿಗೂ ಹೆಚ್ಚು ಕಳೆದಿರುತ್ತದೆ. ಮೌನ ಕಂಡು ಇವಳು ಮತ್ತೆ ಶುರು ಮಾಡುತ್ತಾಳೆ. ಇಬ್ಬರ ಮಾತೂ ಡಿಕ್ಕಿ ಹೊಡೆದು, ಇಬ್ಬರೂ ನಿಂತು, ಇಬ್ಬರೂ "ನೀವು ಹೇಳಿ" ಎಂದು, ಮತ್ತೆ ಡಿಕ್ಕಿ. ಮೂರು ಸಲ ಹೀಗಾದರೆ ನಾಚಿಕೆಯ ಮಗು ಮತ್ತೆ ಎದ್ದು ಬರುವುದಿಲ್ಲ. ಮದ್ದು ಸರಳ: ಮಾತು ಮುಗಿಸಿದವರು ಅಂಗೈ ತೋರಿಸಿ, ಆಚೆಯವರ ಹೆಸರು ಹಿಡಿದು ಕರೆದು, ಮನಸ್ಸಿನಲ್ಲೇ ಮೂರು ಎಣಿಸಬೇಕು. "ಯಾರಿಗಾದರೂ ಪ್ರಶ್ನೆ ಇದೆಯಾ?" ಎಂಬ ಮಾತನ್ನೇ ಕೈಬಿಡಿ.

ಕಲಿತ ಭಾಷೆಯಲ್ಲಿ ಮಾತಾಡುವವರಿಗೆ ಪ್ರಶ್ನೆಗಳು ಮೂರು ದಿನ ಮುಂಚೆ ಬರಹದಲ್ಲಿ ಸಿಗಬೇಕು. ಪ್ರಶ್ನೆ ಬಂದ ಮೇಲೆ ಅರ್ಧ ನಿಮಿಷ ತಮ್ಮ ಭಾಷೆಯಲ್ಲೇ ಪಿಸುಮಾತಿನಲ್ಲಿ ಮಾತಾಡಿಕೊಳ್ಳಲು ಬಿಡಿ. ಆ ಹೊತ್ತಿಗೆ ಮೈಕ್ ಮುಚ್ಚಿರಲಿ. ತಾನಾಗಿ ಬರುವ ಅಡಿಬರಹ ಸಹಾಯ ಮಾಡುತ್ತದೆ, ಆದರೆ ಊರಿನ ಹೆಸರು, ವ್ಯಕ್ತಿಯ ಹೆಸರು, ಸಂಖ್ಯೆಗಳಲ್ಲಿ ಎಡವುತ್ತದೆ. ಅವನ್ನು ಚಾಟ್‌ನಲ್ಲಿ ಬರೆಯಲು ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ.

60 ನಿಮಿಷದ ಹಂಚಿಕೆ: ಜೋಡಣೆ ಮತ್ತು ನಮಸ್ಕಾರ 5, ಪಟ್ಟಿಯಲ್ಲಿ ಕಂಡದ್ದು ತಲಾ 5, ಜೋಡಿಗಳ ಪ್ರಶ್ನೋತ್ತರ 30, ಟ್ರೇಸ್‌ರೂಟ್ 10, ಮುಂದಿನ ಭೇಟಿಯ ಕೆಲಸ ಹಂಚಲು 5. ಶಿಕ್ಷಕರ ಭಾಷಣಕ್ಕೆ ಜಾಗವಿಲ್ಲ. ಉಚಿತ ಖಾತೆ ಬಳಸುವುದಾದರೆ ಜೂಮ್ 40 ನಿಮಿಷಕ್ಕೆ ಕರೆ ಮುಗಿಸುತ್ತದೆ ಎಂಬುದು ನೆನಪಿರಲಿ. ಎರಡನೇ ಕೊಂಡಿ ಮೊದಲೇ ಎರಡೂ ಕಡೆ ಬರೆದಿಟ್ಟಿರಬೇಕು.

ಐದೈದು ಮಕ್ಕಳ ಗುಂಪು ಮಾಡಿ ಆರು ಕರೆ ನಡೆಸುವ ಆಸೆ ಸಹಜ, ಚರ್ಚೆ ಹೆಚ್ಚು ಆಳಕ್ಕೂ ಹೋಗುತ್ತದೆ. ಆದರೆ 360 ಪಿಕ್ಸೆಲ್‌ನಲ್ಲೂ ಅಪ್‌ಲೋಡ್ ಆರು ಪಟ್ಟು, ಅಂದರೆ 3.6 ಎಂಬಿಪಿಎಸ್, ಮೂರು ಪಟ್ಟಿನ ಲೆಕ್ಕದಲ್ಲಿ 11ರ ಹತ್ತಿರ. ಗುಂಪುಗಳು ಒಂದೇ ಕೋಣೆಯಲ್ಲಿದ್ದರೆ ಹೆಡ್‌ಸೆಟ್ ಇಲ್ಲದೆ ಆಗದು. ಸೊರಗಿದ ಕಡೆಯ ಲೈನ್ ಇಷ್ಟು ತಾಳದಿದ್ದರೆ ಈ ಆಸೆ ಬಿಟ್ಟುಬಿಡಿ.

ಮಕ್ಕಳ ರಕ್ಷಣೆ

ಅಂತರ್ಜಾಲದಲ್ಲಿ ತಮ್ಮ ಮಾಹಿತಿಯ ಬಳಕೆಗೆ ಮಕ್ಕಳು ತಾವೇ ಒಪ್ಪಿಗೆ ಕೊಡಬಹುದಾದ ವಯಸ್ಸು ದೇಶದಿಂದ ದೇಶಕ್ಕೆ ಬೇರೆ. ಐರೋಪ್ಯ ಒಕ್ಕೂಟದ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ 16 ಎನ್ನುತ್ತದೆ, ಸದಸ್ಯ ದೇಶಗಳು 13ರವರೆಗೆ ಇಳಿಸಬಹುದು. ಅಮೆರಿಕದ ಕೊಪ್ಪಾ ಕಾನೂನು 13ಕ್ಕಿಂತ ಕೆಳಗಿನವರಿಗೆ. ಭಾರತದ 2023ರ ಕಾನೂನಿನ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ನಿಮ್ಮ ಎರಡು ದೇಶಗಳ ಕಾನೂನಿನಲ್ಲಿ ಬಿಗಿಯಾದದ್ದನ್ನು ಇಬ್ಬರೂ ಪಾಲಿಸಿ. ಪರದೆಯಲ್ಲಿ ಪೂರ್ಣ ಹೆಸರು ಬೇಡ. ಕಾಯುವ ಕೋಣೆ ಆನ್ ಇರಲಿ, ಕೊಂಡಿಯನ್ನು ಬಯಲಿನಲ್ಲಿ ಹಾಕಬೇಡಿ. ಎರಡೂ ಕಡೆಯ ಪೋಷಕರಿಂದ ಬರಹದ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಬೇಡಿ. ಒಬ್ಬರು ಒಪ್ಪದಿದ್ದರೂ ಆ ಮಗುವನ್ನು ಹೊರಗಿಡುವ ಬದಲು ರೆಕಾರ್ಡಿಂಗನ್ನೇ ಬಿಡಿ.

ಲೈನ್ ಬಿದ್ದಾಗ

ಬೀಳುತ್ತದೆ, ಆದ್ದರಿಂದ ಮೆಟ್ಟಿಲು ಮೊದಲೇ ಕಟ್ಟಿರಬೇಕು. ಚಿತ್ರ ನಿಂತರೆ ಎರಡೂ ಕಡೆ ಕ್ಯಾಮೆರಾ ಆರಿಸಿ ದನಿ ಮಾತ್ರ ಉಳಿಸಿ. ಒಂದೇ ಕಡೆ ಆರಿಸಿದರೆ ನೋಡಿಸಿಕೊಳ್ಳುವವರು, ನೋಡುವವರು ಎಂದು ಎರಡು ಜಾತಿಯಾಗುತ್ತದೆ. ದನಿಯೂ ನಿಂತರೆ ಶಿಕ್ಷಕರಿಬ್ಬರು ಫೋನಿನಲ್ಲಿ ಮಾತಾಡಿ ಐದು ನಿಮಿಷ ಕಾಯುವುದು. ಆಗಲೂ ಬರದಿದ್ದರೆ ಮಕ್ಕಳು ತಮ್ಮ ಪ್ರಶ್ನೆಯನ್ನು 90 ಸೆಕೆಂಡಿನ ಧ್ವನಿಮುದ್ರಣವಾಗಿ ಮಾಡಿ ಕಳಿಸಲಿ. ಪಾಲು ಎಲ್ಲರಿಗೂ ಸಮ, ಮತ್ತು ಕಲಿತ ಭಾಷೆಯವರು ಇದರಲ್ಲಿ ಹೆಚ್ಚು ನಿರಾಳವಾಗಿ ಮಾತಾಡುತ್ತಾರೆ. ಈ ಮೆಟ್ಟಿಲನ್ನು ಪರೀಕ್ಷಾ ಕರೆಯಲ್ಲಿ ಬೇಕೆಂದೇ ಕೇಬಲ್ ಕಿತ್ತು ಒಮ್ಮೆ ಹತ್ತಿಳಿದು ನೋಡಿ.

ಪರೀಕ್ಷಾ ಕರೆ ವಾರಕ್ಕೆ ಮುಂಚೆ ಒಂದು, ದಿನದಂದು 30 ನಿಮಿಷ ಮುಂಚೆ ಒಂದು. ಎಲ್ಲ ಸರಿ ಬಂದ ಮೇಲೆ ಇಂಟರ್‌ಫೇಸಿನ ಗುಂಡಿಗಳ ಜಾಗಕ್ಕೆ ಬಣ್ಣದ ಟೇಪಿನ ಗುರುತು ಹಾಕಿ, ಸಾಫ್ಟ್‌ವೇರಿನ ಆಡಿಯೊ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಲ್ಯಾಪ್‌ಟಾಪಿನ ಅಪ್‌ಡೇಟನ್ನು ಆ ದಿನದ ಮಟ್ಟಿಗೆ ಮುಂದೂಡಿ. ಅಪ್‌ಡೇಟ್ ಆದ ಮೇಲೆ ಮೈಕ್ ಆಯ್ಕೆ ಮತ್ತೆ ಲ್ಯಾಪ್‌ಟಾಪಿನ ಒಳಗಿನ ಮೈಕಿಗೆ ಹೋಗಿರುತ್ತದೆ, ಹೊರಗಿನ ಮೈಕಿನ ತಲೆ ತಟ್ಟಿ ನೋಡುವವರೆಗೆ ಅದು ಯಾರಿಗೂ ತಿಳಿಯುವುದಿಲ್ಲ.